ಇಪ್ಪತ್ತೊಂದು ತುಂಬಿದವರಿಗೆ ಮಾತ್ರ

ಸೆಪ್ಟೆಂಬರ್ 28, ಭಾನುವಾರ

ಇವತ್ತಿನದನ್ನು ಬರೆದಿಡಲೇಬೇಕು. ದಿಲ್ಲಿ ಪಕ್ಕದ ಇಂದಿರಾಪುರಂನ ಈ ಚಂದ್ರಕಿರಣ್ ಎನ್‌ಕ್ಲೇವಿಗೆ ನಾವು ಬಂದು ಎಂಟು ವರ್ಷವಾಯಿತು. ಈ ಎಂಟು ವರ್ಷದಲ್ಲಿ ಹೋಳಿ ಕಮಿಟಿ, ಲಿಫ್ಟ್ ಕಮಿಟಿ, ಬೀದಿನಾಯಿ ಕಮಿಟಿ ಎಂದು ಎಷ್ಟೋ ಆಗಿಹೋದವು. ಒಂದಕ್ಕೂ ನನ್ನನ್ನು ಕರೆಯಲಿಲ್ಲ. ಇಲ್ಲಿ ನಾನು 'ಮದ್ರಾಸಿ ಭಾಯಿಸಾಬ್'. ದಾವಣಗೆರೆಗೂ ಮದ್ರಾಸಿಗೂ ಸಂಬಂಧವಿಲ್ಲ ಎಂದು ಹೇಳಿ ಹೇಳಿ ನನಗೇ ಬೇಜಾರು ಬಂದು ಬಿಟ್ಟುಬಿಟ್ಟಿದ್ದೇನೆ.

ಇವತ್ತು ಸಂಜೆ ಐದಕ್ಕೆ ಸೊಸೈಟಿಯ ಅಧ್ಯಕ್ಷ ತ್ಯಾಗಿ ಜೀ ಖುದ್ದಾಗಿ ನಮ್ಮ ಮನೆ ಬಾಗಿಲಿಗೆ ಬಂದರು. ದೀಪಾವಳಿ ಬಂತೆಂದರೆ ಇಲ್ಲಿ ಮನೆಮನೆಯಲ್ಲೂ ಇಸ್ಪೀಟು. ಎಲೆ ಕಲಸದಿದ್ದರೆ ಅದು ಹಬ್ಬವೇ ಅಲ್ಲ. ಈ ಸಲ ಮನೆಮನೆಯ ಬದಲು ಎಲ್ಲರಿಗೂ ಸೇರಿಸಿ ಕ್ಲಬ್‌ಹೌಸಿನಲ್ಲಿ 'ಕ್ಯಾಸಿನೊ ನೈಟ್' ಅಂತೆ. ಅಕ್ಟೋಬರ್ 18, ದೀಪಾವಳಿಯ ಮೊದಲ ದಿನವಾದ ಧನತೇರಸ್. ಒಂದು ಇವೆಂಟ್ ಕಂಪನಿಯವರು ಹಸಿರು ಮೇಜು, ತಿರುಗುವ ಚಕ್ರ, ಎಲೆ ಹಂಚುವ ಹುಡುಗಿಯರು ಎಲ್ಲವನ್ನೂ ತರುತ್ತಾರೆ. ದುಡ್ಡು ಕಟ್ಟುವಂತಿಲ್ಲ, ಬರೀ ಪ್ಲಾಸ್ಟಿಕ್ ಬಿಲ್ಲೆ. ಹೆಚ್ಚು ಬಿಲ್ಲೆ ಗೆದ್ದವರಿಗೆ ಒಂದು ಏರ್ ಫ್ರೈಯರ್. ಆದರೆ ಕಂಪನಿಯ ಕಾಗದದಲ್ಲಿ ಒಂದು ಸಾಲಿದೆ: ಗೋವಾದಲ್ಲಿರುವ ಹಾಗೆ ಇಲ್ಲೂ ಇಪ್ಪತ್ತೊಂದು ತುಂಬಿದವರಿಗೆ ಮಾತ್ರ ಪ್ರವೇಶ. ಆ ಸಾಲನ್ನು ನೋಡಿಕೊಳ್ಳಲು ಒಬ್ಬರು ಬೇಕು.

"ಮುರಳೀಧರ್ ಜೀ, ಆಪ್ ತೋ ನಿಯಮ್ ವಾಲೇ ಆದ್ಮೀ ಹೈಂ," ಎಂದರು. ನಿಜವೇ. ನೋಯ್ಡಾದ ಆಫೀಸಿನಲ್ಲಿ ಇಪ್ಪತ್ಮೂರು ವರ್ಷದಿಂದ ನನ್ನ ಕೆಲಸ ಅದೇ, ಯಾರು ಯಾವ ನಿಯಮ ಮುರಿದರು ಎಂದು ಹುಡುಕುವುದು. ಕೂತಲ್ಲೇ ಹುದ್ದೆಗೆ ಹೆಸರಿಟ್ಟೆ: ವಯೋಮಿತಿ ಸಂಚಾಲಕ.

ಅವರು ಹೋದದ್ದೇ ಬಾಲ್ಕನಿಗೆ ಓಡಿದೆ. ಅಲ್ಲಿ ದಿನದ ಹಾಗೆ ಕತ್ತೆ ಆಟ ನಡೆದಿತ್ತು. ಅಮ್ಮ, ಹೆಂಡತಿ ಪದ್ಮಾ, ಮಗಳು ಧಾರಿಣಿ, ಮೂರು ಜನ. ಉಳಿದವರ ಎಲೆಯೆಲ್ಲ ಖಾಲಿಯಾದ ಮೇಲೂ ಯಾರ ಕೈಯಲ್ಲಿ ಎಲೆ ಉಳಿಯುತ್ತದೋ ಅವರು ಕತ್ತೆ, ಅಷ್ಟೇ ಆಟ. ಆರು ವರ್ಷದ ಮಕ್ಕಳೂ ಆಡುತ್ತಾರೆ. "ಅಜ್ಜೀ, ನೀನು ಕಳ್ಳಿ! ನಿನ್ನ ಹತ್ರ ಡೈಮನ್ ಇತ್ತು, ನಾನು ನೋಡ್ದೆ!" ಎಂದು ಧಾರಿಣಿ ಕಿರುಚುತ್ತಿದ್ದಳು. ಹದಿನಾರು ವರ್ಷದ ಹುಡುಗಿ, ಹುಟ್ಟಿ ಬೆಳೆದದ್ದೆಲ್ಲ ದಿಲ್ಲಿಯ ಕಡೆ. ಅವಳ ಬಾಯಲ್ಲಿ ಕನ್ನಡ ಬರುವುದು ಕೈಯಲ್ಲಿ ಎಲೆ ಇದ್ದಾಗ ಮಾತ್ರ. ಎಲೆ ಕೆಳಗಿಟ್ಟಳೋ, ಮತ್ತೆ ಹಿಂದಿ.

"ಬಾರೋ ಮುರಳಿ, ನೀನೂ ಕೂತ್ಕೋ," ಎಂದಳು ಅಮ್ಮ. ನನಗೆ ಆಟ ಬರುವುದಿಲ್ಲ, ಕಲಿಯಲು ಪುರುಸೊತ್ತೂ ಇಲ್ಲ. ಹುದ್ದೆಯ ವಿಷಯ ಹೇಳಿದೆ.

"ಯೂನಿಫಾರ್ಮ್ ಕೊಡ್ತಾರಾ ರೀ?" ಎಂದು ಪದ್ಮಾ ಕೇಳಿದಳು. ಮೂವರೂ ನಕ್ಕರು. ನಗಲಿ ಪಾಪ.

ಸೆಪ್ಟೆಂಬರ್ 30, ಮಂಗಳವಾರ

ಎರಡು ದಿನ ಯೋಚಿಸಿದೆ. ನಾಳೆ ಯಾರಾದರೂ ಬಂದು, ಸಂಚಾಲಕರ ಮನೆಯಲ್ಲೇ ಹದಿನಾರರ ಹುಡುಗಿ ದಿನಾ ಇಸ್ಪೀಟು ಕಲಸುತ್ತಾಳಲ್ಲ ಎಂದರೆ ನನ್ನ ಮುಖ ಎಲ್ಲಿಟ್ಟುಕೊಳ್ಳಲಿ? ನಮ್ಮ ಬಾಲ್ಕನಿ ಬಿ ಬ್ಲಾಕಿನವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಎಲೆಯ ಕಟ್ಟನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಊಟಕ್ಕೆ ಕೂತಾಗ ವಿಷಯ ತಿಳಿಸಿದೆ.

"ಕತ್ತೆ ಆಟ ಜೂಜೇನೋ?" ಎಂದಳು ಅಮ್ಮ.

"ಪ್ರಶ್ನೆ ಜೂಜಿನದಲ್ಲಮ್ಮ. ನಾವು ಮಾದರಿಯಾಗಿರಬೇಕು."

"ಪಪ್ಪಾ, ಸೀರಿಯಸ್ಲಿ? ಯೇ ಘರ್ ಹೈ ಯಾರ್, ಕ್ಯಾಸಿನೊ ನಹೀಂ," ಎಂದಳು ಧಾರಿಣಿ.

ಗೆಳೆಯರಿಗೆ ಅನ್ನುವ ಹಾಗೆ ಅಪ್ಪನಿಗೆ 'ಯಾರ್' ಎನ್ನಬಾರದು ಎಂದು ಮೊದಲು ತಿದ್ದಿದೆ. ಆಮೇಲೆ, ಅವಳಿಗೆ ಇಪ್ಪತ್ತೊಂದು ತುಂಬಲು ಇನ್ನು ನಾಲ್ಕು ವರ್ಷ ಎಂಟು ತಿಂಗಳಷ್ಟೇ ಬಾಕಿ, ಅನಂತರ ಎಷ್ಟು ಬೇಕಾದರೂ ಅಜ್ಜಿಯ ಜೊತೆ ಆಡಿಕೊಳ್ಳಬಹುದು ಎಂದು ಲೆಕ್ಕ ಹಾಕಿ ಹೇಳಿದೆ.

"ಅಲ್ಲೀವರೆಗೂ ನಾನು ಇರಬೇಕಲ್ಲಪ್ಪ," ಎಂದಳು ಅಮ್ಮ. ಅವಳಿಗೆ ಎಪ್ಪತ್ತೆಂಟು. ತಟ್ಟೆ ತೆಗೆದುಕೊಂಡು ಎದ್ದುಹೋದಳು. ಸಾರು ಚೆನ್ನಾಗಿತ್ತು.

ಅಕ್ಟೋಬರ್ 3, ಶುಕ್ರವಾರ

ಕಂಪನಿಯವರ ಒಂದು ಸಾಲು ನನ್ನ ಕೈಯಲ್ಲಿ ನಾಲ್ಕು ಪುಟವಾಗಿದೆ. ಒಂದೇ ಸಾಲಿನಲ್ಲಿ ಎಷ್ಟು ತೂತು! 'ಪ್ರವೇಶ' ಎಂದರೇನು? ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತವನು ಒಳಗಿದ್ದಾನೋ ಹೊರಗಿದ್ದಾನೋ? ಭಾರ ಯಾವ ಕಾಲಿನ ಮೇಲಿದೆಯೋ ಆ ಕಡೆ ಎಂದು ಬರೆದೆ. ಹತ್ತು ವರ್ಷದ ಮಗು ಕಿಟಕಿಯಿಂದ ಇಣುಕಿದರೆ ಅದು ಪ್ರವೇಶವಲ್ಲವೇ? ಕಣ್ಣಿನ ಪ್ರವೇಶವೂ ಪ್ರವೇಶವೇ. ದಪ್ಪ ಪರದೆ ಹಾಕಿಸಲು ಹೇಳಿದ್ದೇನೆ.

ಅಮ್ಮ ಸಂಜೆ ಹುಬ್ಬಳ್ಳಿಯ ನನ್ನ ತಂಗಿ ಪ್ರಫುಲ್ಲಾಳ ಜೊತೆ ಫೋನಿನಲ್ಲಿದ್ದಳು. "ಹಬ್ಬ ಆದ್ಮೇಲೆ ಬರ್ತೀನಿ ಕಣೇ. ವಾಪಸ್ ಬರೋದೇನಿಲ್ಲ, ಅಲ್ಲೇ ಇದ್ದುಬಿಡ್ತೀನಿ. ಇಲ್ಲಿ ಮಾತಿಗೂ ಜನ ಇಲ್ಲ ನಂಗೆ," ಎನ್ನುತ್ತಿದ್ದಳು. ಹಬ್ಬ ಕಳೆದ ಮೇಲೆ ದಿಲ್ಲಿಯ ಗಾಳಿ ಹೊಗೆಯಾಗುತ್ತದೆ, ಅವಳ ಎದೆಗೆ ಹುಬ್ಬಳ್ಳಿಯೇ ಒಳ್ಳೆಯದು. ಸರಿಯಾಗಿಯೇ ಯೋಚಿಸಿದ್ದಾಳೆ. ಆರು ವರ್ಷದಿಂದ ನಮ್ಮ ಜೊತೆಗೇ ಇದ್ದಳು. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಅಕ್ಟೋಬರ್ 5, ಭಾನುವಾರ

ಕಮಿಟಿ ಸಭೆ. ಮೂರೂವರೆ ಗಂಟೆ.

ಮೊದಲು ಎದ್ದವಳು ಸಿ ಬ್ಲಾಕಿನ ಭವ್ಯಶ್ರೀ. ನಮ್ಮ ಮಂಡ್ಯದ ಕಡೆಯ ಹುಡುಗಿ, ಸಾಫ್ಟ್‌ವೇರ್ ಕೆಲಸ, ಈಗ ಎಂಟು ತಿಂಗಳ ಗರ್ಭಿಣಿ. ಆ ತಿರುಗುವ ಚಕ್ರ ನೋಡಬೇಕಂತೆ, ಬರಬಹುದಾ ಎಂದು ಕೇಳಿದಳು. ಅವಳ ವಯಸ್ಸಿನ ಬಗ್ಗೆ ತಕರಾರಿಲ್ಲ. ಆದರೆ ಹೊಟ್ಟೆಯಲ್ಲಿರುವವರಿಗೆ ಇಪ್ಪತ್ತೊಂದಾಗಿಲ್ಲ ಎಂಬುದು ಯಾರಿಗಾದರೂ ಗೊತ್ತಾಗುವ ಮಾತು. ಹುಟ್ಟೇ ಇಲ್ಲದವರಿಗೆ ವಯಸ್ಸೆಲ್ಲಿಯದು ಎಂದು ಕೆಲವರು ವಾದಿಸಿದರು. ವಯಸ್ಸೇ ಇಲ್ಲದವರು ಇಪ್ಪತ್ತೊಂದು ಎಂದು ಹೇಗೆ ತೋರಿಸುತ್ತಾರೆ ಎಂದು ನಾನು ಕೇಳಿದೆ. ಕೊನೆಗೆ ಅವಳು ಬರಬಹುದು, ಆದರೆ ಮೇಜಿಗೆ ಬೆನ್ನು ಹಾಕಿ ಕೂರಬೇಕು, ಒಳಗಿನವರ ಮುಖ ಗೋಡೆಯ ಕಡೆಗಿರಲಿ ಎಂದು ತೀರ್ಮಾನವಾಯಿತು.

"ನೀವು ಹುಷಾರಾಗಿದ್ದೀರಾ ಸರ್?" ಎಂದಳು ಭವ್ಯಶ್ರೀ. ಒಳ್ಳೆಯ ಹುಡುಗಿ, ಎಲ್ಲರ ಆರೋಗ್ಯ ವಿಚಾರಿಸುತ್ತಾಳೆ. ಹುಷಾರಾಗಿದ್ದೇನಮ್ಮ ಎಂದೆ.

ಆಮೇಲೆ ಸಕ್ಸೇನಾ ಆಂಟಿ. ಅವರ ಮನೆಯಲ್ಲಿ ಲಡ್ಡು ಗೋಪಾಲ ಇದ್ದಾನೆ, ಅಂಬೆಗಾಲಿಕ್ಕುವ ಕೃಷ್ಣನ ಪುಟ್ಟ ಹಿತ್ತಾಳೆ ವಿಗ್ರಹ. ಆಂಟಿ ಅವನನ್ನು ಮಗುವಿನ ಹಾಗೇ ಸಾಕುತ್ತಾರೆ. ಬುಟ್ಟಿಯಲ್ಲಿ ಕೂರಿಸಿಕೊಂಡು ಮಾರ್ಕೆಟ್ಟಿಗೂ ಮೆಟ್ರೋಗೂ ಹೋಗುತ್ತಾರೆ, ಚಳಿಗೆ ಸ್ವೆಟರ್ ಹಾಕುತ್ತಾರೆ. "ಮೇರೇ ಗೋಪಾಲ್ ಕೋ ಘರ್ ಪೇ ಅಕೇಲಾ ಛೋಡ್ ದೂಂ?" ಎಂದರು. ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಬರುವುದು ಹೇಗೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮಗು ಎಂದರೆ ಒಳಗೆ ಬಿಡುವಂತಿಲ್ಲ. ಯುಗಯುಗದಿಂದ ಇರುವವನು ಎಂದರೆ ಬಿಡಬಹುದು, ಆದರೆ ಆಗ ಆಂಟಿ ದಿನಾ ಅವನಿಗೆ ಹಾಲು ಕುಡಿಸಿ ಮಲಗಿಸುವುದು ಯಾವ ಲೆಕ್ಕ? ಸಭೆ ಮುಂದಕ್ಕೆ ಹೋಯಿತು.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಐದು ದಿನದಿಂದ ಸರಿಯಾಗಿ ಮಾತಾಡದ ಅಮ್ಮ, "ಬೆಣ್ಣೆ ಕದ್ದು ಊರೆಲ್ಲ ಸುತ್ತಿದವನನ್ನ ನೀನು ಗೇಟಲ್ಲಿ ಹಿಡೀತೀಯೇನೋ?" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದನ್ನು ತಜ್ಞರ ಅಭಿಪ್ರಾಯ ಎಂದು ಬರೆದುಕೊಂಡೆ.

ಅಕ್ಟೋಬರ್ 8, ಬುಧವಾರ

ಇವತ್ತು ಮನೆಯಿಂದಲೇ ಕೆಲಸ. ಐದು ಗಂಟೆಗೆ ಬಾಲ್ಕನಿಯಲ್ಲಿ ಯಾರೂ ಇಲ್ಲ. ಶಾಂತಿ ಎಂದರೆ ಶಾಂತಿ. ಒಂದು ಫೈಲು ಮುಗಿಸಬಹುದಿತ್ತು, ಯಾಕೋ ಆಗಲಿಲ್ಲ. ಧಾರಿಣಿ ಈಗ ನನಗೆ ಬಾಯಿಬಿಟ್ಟು ಉತ್ತರ ಕೊಡುವುದಿಲ್ಲ. ಪಕ್ಕದ ಕೋಣೆಯಲ್ಲಿದ್ದರೂ ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಕಳಿಸುತ್ತಾಳೆ. ಊಟ ಆಯ್ತಾ? ಹೆಬ್ಬೆರಳು. ಪರೀಕ್ಷೆ ಹೇಗಾಯಿತು? ಹೆಬ್ಬೆರಳು. ಲಿಖಿತ ದಾಖಲೆ ಇರುತ್ತದಲ್ಲ, ಒಂದು ರೀತಿಯಲ್ಲಿ ಒಳ್ಳೆಯದೇ. ಇವತ್ತಿಗೆ ಹನ್ನೊಂದು ಹೆಬ್ಬೆರಳಾಗಿವೆ.

ಅಕ್ಟೋಬರ್ 10, ಶುಕ್ರವಾರ

ಅಮ್ಮನ ಟಿಕೆಟ್ ಆಯಿತು. 23ನೇ ತಾರೀಕು, ಲೋವರ್ ಬರ್ತ್. ಪದ್ಮಾ ಬುಕ್ ಮಾಡಿದಳು. ವಾಪಸ್ ಯಾವಾಗ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ಅದು ನಿಮ್ಮ ನಿಯಮದಲ್ಲಿ ಎಷ್ಟನೇ ಪುಟ ರೀ?" ಎಂದಳು.

ಅಕ್ಟೋಬರ್ 12, ಭಾನುವಾರ

ಹದಿನಾಲ್ಕು ಪುಟ! ತ್ಯಾಗಿ ಜೀ ಓದದೆಯೇ ಸಹಿ ಹಾಕಿದರು, ಅಷ್ಟು ನಂಬಿಕೆ ನನ್ನ ಮೇಲೆ.

ಹನ್ನೊಂದನೇ ನಿಯಮದ ಬಗ್ಗೆ ನನಗೆ ವಿಶೇಷ ಹೆಮ್ಮೆ. ಮಕ್ಕಳಿರುವವರು ಕ್ಯಾಸಿನೊಗೆ ಬರಬೇಕಾದರೆ ತಮ್ಮ ಮಗುವಿನ ಜೊತೆ ಹೊರಗೆ ಒಬ್ಬ ದೊಡ್ಡವರನ್ನು ಬಿಟ್ಟುಬರಬೇಕು. ಆ ದೊಡ್ಡವರು ಯಾವ ಕಾರಣಕ್ಕೂ ಒಳಗೆ ಬರುವಂತಿಲ್ಲ. ಅಸಲು ಗುರುತಿನ ಚೀಟಿ ಕಡ್ಡಾಯ, ಮೊಬೈಲಿನಲ್ಲಿರುವ ಫೋಟೋ ನಡೆಯುವುದಿಲ್ಲ. ಲಡ್ಡು ಗೋಪಾಲನಿಗಾಗಿ 'ಕಾಲಾತೀತರಿಗೆ ವಿನಾಯಿತಿ' ಎಂದು ಬೇರೆಯೇ ಒಂದು ನಿಯಮ ಸೇರಿಸಿದ್ದೇನೆ.

"ಹಾಗಾದ್ರೆ ಒಳಗೆ ಬರೋರು ಯಾರು ರೀ?" ಎಂದಳು ಪದ್ಮಾ.

"ಅರ್ಹರು," ಎಂದೆ.

ಮಧ್ಯಾಹ್ನ ಗೇಟಿನಲ್ಲಿ ತಾಲೀಮು ಇತ್ತು. ಯಾರೇ ಬಂದರೂ ಬಿಡಬೇಡ ಎಂದು ಗಾರ್ಡ್ ಓಂವೀರನಿಗೆ ಹೇಳಿಕೊಟ್ಟಿದ್ದೆ. ಅವನು ಮೊದಲು ತಡೆದದ್ದು ನನ್ನನ್ನೇ, ಚೀಟಿ ತಂದಿರಲಿಲ್ಲ. ಹನ್ನೆರಡನೇ ಮಹಡಿಗೆ ಹೋಗಿ ತಂದೆ. ಲಿಫ್ಟ್ ಕೆಟ್ಟಿತ್ತು. ಖುಷಿಯಾಗಿ ಅವನಿಗೆ ಚಹಾ ಕುಡಿಸಿದೆ.

ಮಕ್ಕಳಿಗೆ ಕ್ಲಬ್‌ಹೌಸಿನ ಪಕ್ಕದ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಬೇರೆ ಜಾಗ. ಅದರ ಉಸ್ತುವಾರಿಯನ್ನು ತ್ಯಾಗಿ ಜೀ ಧಾರಿಣಿಗೆ ಕೊಟ್ಟಿದ್ದಾರೆ. ಆ ಕೋರ್ಟು ನನ್ನ ಅಧಿಕಾರಕ್ಕೆ ಬರುವುದಿಲ್ಲವಂತೆ. ಅವಳಿಗೆ ಅಭಿನಂದನೆ ಕಳಿಸಿದೆ. ಈ ಸಲ ಹೆಬ್ಬೆರಳೂ ಬರಲಿಲ್ಲ.

ಅಕ್ಟೋಬರ್ 15, ಬುಧವಾರ

ಐದು ಗಂಟೆಗೆ ಕೆಲಸ ನಿಲ್ಲಿಸಿ ಬೀರು ತೆಗೆದೆ. ಇಸ್ಪೀಟು ಕಟ್ಟು ಸರಿಯಾಗಿದೆಯೋ ಪರಿಶೀಲಿಸುವುದು ನನ್ನ ಕರ್ತವ್ಯ. ಎಣಿಸಿದರೆ ಐವತ್ತೆರಡು ಇದೆ, ಆದರೆ ಒಂದು ಎಲೆ ಎಲೆಯೇ ಅಲ್ಲ. ಯಾರದೋ ಮದುವೆ ಕಾಗದವನ್ನು ಅದೇ ಅಳತೆಗೆ ಕತ್ತರಿಸಿ, ನೀಲಿ ಶಾಯಿಯಲ್ಲಿ 'ಕಳಾವರ್ ಏಳು' ಎಂದು ಕನ್ನಡದಲ್ಲಿ ಬರೆದಿದ್ದಾರೆ. ಧಾರಿಣಿಯ ಕೈಬರಹ. ನನ್ನ ಮಗಳಿಗೆ ಕನ್ನಡ ಬರೆಯಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಯಾವಾಗ ಕಲಿತಳು? ಅಮ್ಮನೇ ಕೂರಿಸಿಕೊಂಡು ಕಲಿಸಿರಬೇಕು, ನಾನು ಆಫೀಸಿನಲ್ಲಿದ್ದಾಗ.

ತುಂಬ ಸಂಕಟವಾಯಿತು. ಕಟ್ಟನ್ನು ಹೊರಗಿಡೋಣ ಎಂದುಕೊಂಡೆ. ಇನ್ನು ಮೂರೇ ದಿನ, ಈಗ ನಿಯಮ ಮುರಿದರೆ ಜನ ಏನೆನ್ನುತ್ತಾರೆ ಎಂದು ಮತ್ತೆ ಬೀಗ ಹಾಕಿದೆ.

ಅಕ್ಟೋಬರ್ 18, ಶನಿವಾರ, ಸಂಜೆ 7.40, ಕ್ಲಬ್‌ಹೌಸ್ ಹಾಲ್

ಚಕ್ರದ ಪಕ್ಕದ ಹಸಿರು ಮೇಜಿನ ಮೇಲೆ ಡೈರಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ತೊಂದರೆ ಕೊಡುವವರು ಯಾರೂ ಇಲ್ಲ. ಯಾರೂ ಎಂದರೆ ಯಾರೂ ಇಲ್ಲ.

ಆರೂವರೆಗೆ ಬಾಗಿಲು ತೆರೆಯಿತು. ಮೊದಲು ಬಂದವರು ತ್ಯಾಗಿ ಜೀ, ಚೀಟಿ ಇರಲಿಲ್ಲ. "ಅರೇ ಭಾಯಿ, ಮೈಂ ಪ್ರೆಸಿಡೆಂಟ್ ಹೂಂ! ಮೇರೇ ಬಾಲ್ ತೋ ದೇಖೋ!" ಎಂದು ಬೆಳ್ಳಗಿನ ತಲೆ ಬಗ್ಗಿಸಿ ತೋರಿಸಿದರು. ಬಿಳಿ ಕೂದಲು ದಾಖಲೆಯಲ್ಲ ಎಂಬ ಮೂರನೇ ನಿಯಮವನ್ನು ಓದಿ ಹೇಳಿದೆ, ಅವರದೇ ಸಹಿ ಸಮೇತ. ಎರಡು ನಿಮಿಷ ನನ್ನನ್ನು ನೋಡಿ, ಮೊಮ್ಮಗನ ಕೈ ಹಿಡಿದುಕೊಂಡು ಬ್ಯಾಡ್ಮಿಂಟನ್ ಕೋರ್ಟಿನ ಕಡೆ ನಡೆದರು.

ಆಮೇಲೆ ಬಂದವರಲ್ಲಿ ಅರ್ಧ ಜನ ಹನ್ನೊಂದನೇ ನಿಯಮಕ್ಕೆ ಸಿಕ್ಕಿಬಿದ್ದರು. ಗಂಡ ಒಳಗೆ ಬಂದರೆ ಹೆಂಡತಿ ಹೊರಗೆ, ಹೆಂಡತಿ ಬಂದರೆ ಗಂಡ ಹೊರಗೆ. ಬಾಗಿಲಲ್ಲೇ ಜಗಳವಾಗಿ ಇಬ್ಬರೂ ಹೊರಗೆ. ಉಳಿದರ್ಧದವರ ಚೀಟಿ ಮೊಬೈಲಿನಲ್ಲಿತ್ತು. ಎಲೆ ಹಂಚಲು ಬಂದಿದ್ದ ನಾಲ್ವರು ಹುಡುಗಿಯರನ್ನೂ ಪರೀಕ್ಷಿಸಿದೆ. ನಾಲ್ವರಿಗೂ ಇಪ್ಪತ್ತೇ! ಆಟ ಆಡುವವರಿಗೆ ತಾನೇ ವಯಸ್ಸು, ನಾವು ಹಂಚುವವರು ಎಂದರು. ಕೈಯಲ್ಲಿ ಎಲೆ ಹಿಡಿದವರೆಲ್ಲ ಒಂದೇ ಎಂದೆ. ನಗುತ್ತಾ ಎಲೆಯ ಕಟ್ಟುಗಳ ಸಮೇತ ಹೊರಟುಹೋದರು.

ಭವ್ಯಶ್ರೀ ಗೋಡೆಗೆ ಮುಖ ಮಾಡಿ ನಾಲ್ಕು ನಿಮಿಷ ಕೂತಳು. ಬಣ್ಣ ಚೆನ್ನಾಗಿದೆ ಸರ್ ಎಂದು ಹೇಳಿ ಎದ್ದುಹೋದಳು. ಕೊನೆಗೆ ಸಕ್ಸೇನಾ ಆಂಟಿ ಬುಟ್ಟಿಯೊಂದಿಗೆ ಬಂದರು. ಅವರ ಚೀಟಿ ಅಸಲು, ಗೋಪಾಲನಿಗೆ ವಿನಾಯಿತಿ. ಕೈಮುಗಿದು ಒಳಗೆ ಬಿಟ್ಟೆ. ಖಾಲಿ ಹಾಲನ್ನು ಒಂದು ಸುತ್ತು ನೋಡಿ ಆಂಟಿ ಬುಟ್ಟಿಗೆ ಕಿವಿಕೊಟ್ಟರು. "ಗೋಪಾಲ್ ಕಾ ಯಹಾಂ ಮನ್ ನಹೀಂ ಲಗ್ ರಹಾ," ಎಂದರು. ಗೋಪಾಲನಿಗೆ ಇಲ್ಲಿ ಬೇಜಾರಂತೆ, ಅವರೂ ಹೊರಟರು.

ನಿಯಮದ ಪ್ರಕಾರ ಇದು ನೂರಕ್ಕೆ ನೂರು. ಈ ಹಾಲಿನಲ್ಲಿ ಇಪ್ಪತ್ತೊಂದು ತುಂಬದ ಒಬ್ಬರೂ ಇಲ್ಲ. ತುಂಬಿದವನು ನಾನೊಬ್ಬನೇ. ಒಂದು ಸಲ ಚಕ್ರ ತಿರುಗಿಸಿದೆ. ಹದಿನೇಳು ಬಂತು. ಯಾರೂ ಕಟ್ಟಿರಲಿಲ್ಲ.

ಹೊರಗೆ ಏನೋ ಗಲಾಟೆ. ಪರದೆ ಸ್ವಲ್ಪ ಸರಿಸಿ ಇಣುಕಿದೆ. ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಇಡೀ ಸೊಸೈಟಿ ಜಮಖಾನೆ ಹಾಸಿ ಕೂತಿದೆ! ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಮ್ಮಮ್ಮ. ಎಲೆ ಹಂಚುತ್ತಿರುವವಳು ಅವಳೇ. ಆಡುತ್ತಿರುವುದು ನಮ್ಮ ಕತ್ತೆ ಆಟವೇ. ಇಲ್ಲಿನವರು ಅದಕ್ಕೆ 'ಭಾಭಿ' ಎನ್ನುತ್ತಾರೆ, ಕತ್ತೆಯಾದವರನ್ನು ಅತ್ತಿಗೆ ಎಂದು ಕರೆದು ರೇಗಿಸುತ್ತಾರೆ. ತ್ಯಾಗಿ ಜೀ ಸೋತಿರಬೇಕು. "ಭಾಭೀ! ಭಾಭೀ!" ಎಂದು ಮಕ್ಕಳೆಲ್ಲ ಅವರ ತಲೆಯ ಮೇಲೆ ದುಪಟ್ಟಾ ಹೊದಿಸುತ್ತಿದ್ದಾರೆ. ಅಷ್ಟು ಗದ್ದಲದಲ್ಲೂ ಒಂದು ದನಿ ಬೇರೆಯಾಗಿ ಕೇಳಿಸಿತು. "ಅಜ್ಜೀ, ಬೇಗ ಹಾಕೇ, ಎಷ್ಟೊತ್ತು!" ಧಾರಿಣಿಯದು. ಕನ್ನಡದಲ್ಲಿ. ಹದಿನೆಂಟು ದಿನದಿಂದ ನಮ್ಮ ಮನೆಯಲ್ಲಿ ಈ ದನಿ ಇರಲಿಲ್ಲ.

ಇಲ್ಲಿ ನನ್ನನ್ನು ನೋಡುವವರಿಲ್ಲ, ಆದ್ದರಿಂದ ಬರೆಯುತ್ತೇನೆ. ಅಳು ಬಂತು. ಹಾಳಾಗಿ ಹೋಗಲಿ ಸಂಚಾಲಕಗಿರಿ. ನಾನೂ ಅಲ್ಲಿಗೆ ಹೋಗುತ್ತೇನೆ.

ಅಕ್ಟೋಬರ್ 19, ಭಾನುವಾರ

ನಿನ್ನೆ ಆದದ್ದು.

ಕೋರ್ಟಿಗೆ ಹಗ್ಗ ಕಟ್ಟಿದ್ದರು. ಹಗ್ಗದ ಬಾಯಲ್ಲಿ ಧಾರಿಣಿ ಪ್ಯಾಡು ಹಿಡಿದು ನಿಂತಿದ್ದಳು. ನನಗೆ ಒಂದು ಕಾಗದ ತೋರಿಸಿದಳು. ನನ್ನದೇ ಹದಿನಾಲ್ಕು ಪುಟದ ಧಾಟಿ, ಅದೇ ಗೆರೆ, ಅದೇ ಅಂಚು. ದೊಡ್ಡವರಿಗೆ ನೇರ ಪ್ರವೇಶವಿಲ್ಲ. ದೊಡ್ಡವರೊಬ್ಬರ ಜವಾಬ್ದಾರಿಯನ್ನು ಮಗುವೊಂದು ಸಹಿ ಹಾಕಿ ಹೊತ್ತುಕೊಳ್ಳಬೇಕು. ಒಂದು ಮಗುವಿಗೆ ಒಬ್ಬರೇ ದೊಡ್ಡವರು.

ಒಳಗೆ ಕೂತವರೆಲ್ಲ ಹಾಗೆಯೇ ಬಂದವರಂತೆ. ತ್ಯಾಗಿ ಜೀಯವರನ್ನು ಐದು ವರ್ಷದ ಮೊಮ್ಮಗ ಹೊತ್ತಿದ್ದ. ಸಹಿ ಮಾಡಲು ಬರದೆ ಒಂದು ಆನೆ ಬರೆದಿದ್ದ. ನಾನು ಬಿ ಬ್ಲಾಕಿನ ಏಳು ವರ್ಷದ ಹುಡುಗಿಯೊಬ್ಬಳನ್ನು ಬೇಡಿಕೊಂಡೆ. "ನಹೀಂ, ಯೇ ಅಂಕಲ್ ಡಾಂಟ್ತೇ ಹೈಂ," ಎಂದಳು. ನಾನು ಬೈಯುತ್ತೇನಂತೆ, ಓಡಿಹೋದಳು. ಬೇರೆ ಮಕ್ಕಳು ಖಾಲಿ ಇರಲಿಲ್ಲ. ಧಾರಿಣಿಯ ಹೆಸರಿನ ಎದುರು ಅಜ್ಜಿ ಎಂದಿತ್ತು.

ಅಮ್ಮ ಕುರ್ಚಿಯಿಂದಲೇ ಕೂಗಿದಳು, "ನನ್ನ ಹೆಸರು ಹೊಡೆದು ಅವನನ್ನ ಬರ್ಕೊಳ್ಳೇ ಧಾರಿಣಿ. ನಾನು ಹೇಗೂ ಹೊರಡೋಳು."

ಧಾರಿಣಿ ಅಜ್ಜಿಯ ಹೆಸರು ಹೊಡೆಯಲಿಲ್ಲ, ಹೊಸ ಹಾಳೆ ತೆಗೆದಳು. ಪೆನ್ನು ಹಿಡಿದು ಕನ್ನಡದಲ್ಲೇ ಕೇಳಿದಳು, ನನ್ನ ಮೇಲೆ ಪ್ರಯೋಗಿಸಿದ ಮೊದಲ ಕನ್ನಡ.

"ಹೆಸರು?"

"ಮುರಳೀಧರ."

"ಮನೇಲಿ ಮಕ್ಕಳ ಜೊತೆ ಮಾತಾಡ್ತೀರಾ?"

ಸುಳ್ಳು ಹೇಳಿ ಅಭ್ಯಾಸವಿಲ್ಲ. "ಹದಿನೆಂಟು ದಿನದಿಂದ ಇಲ್ಲ," ಎಂದೆ.

"ರೀಸನ್?"

"ಎಲೆಗೆ ಬೀಗ ಹಾಕಿದೆ."

"ಯಾಕೆ?"

ಹಿಂದೆ ಹತ್ತಾರು ಜನ ನಿಂತಿದ್ದರು. "ಇಲ್ಲಿಯವರು ನನ್ನನ್ನು ಮೊದಲನೇ ಸಲ ಕರೆದಿದ್ದರು ಕಣೇ. ಎಂಟು ವರ್ಷಕ್ಕೆ ಮೊದಲನೇ ಸಲ. ಏನೂ ತಪ್ಪಾಗಬಾರದು ಅನ್ನಿಸಿತು," ಎಂದೆ.

ಅವಳು ಪೆನ್ನು ಕಚ್ಚುತ್ತಾ ನಿಂತಳು. ಬರೆಯಲಿಲ್ಲ.

"ಸಾರಿ ಹೇಳಿದ್ರಾ?"

"ಇಲ್ಲ. ಸಾರಿ ಪುಟ್ಟಾ."

"ನಂಗಲ್ಲ. ಅಜ್ಜಿಗೆ."

ಹಗ್ಗ ದಾಟುವಂತಿಲ್ಲ. ನಡುವೆ ಇನ್ನೂರು ಜನ. ಅಲ್ಲಿಂದಲೇ ಕೂಗಿದೆ, "ಅಮ್ಮಾ, ತಪ್ಪಾಯ್ತು! ನಿನ್ನ ಆಟ ಕಿತ್ಕೊಂಡೆ. ಹೋಗಬೇಡಮ್ಮ!"

"ಕ್ಯಾ ಬೋಲಾ?" ಎಂದರು ದುಪಟ್ಟಾ ಹೊದ್ದ ತ್ಯಾಗಿ ಜೀ. "ಸಾರಿ ಬೋಲ್ ರಹೇ ಹೈಂ, ದಾದಿ ಸೇ," ಎಂದು ಧಾರಿಣಿ ಅನುವಾದಿಸಿದಳು. ಎಲ್ಲೋ ಹಿಂದಿನಿಂದ ಭವ್ಯಶ್ರೀ ಚಪ್ಪಾಳೆ ತಟ್ಟಿದಳು. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

ಧಾರಿಣಿ ಹಾಳೆಗೆ ಸಹಿ ಹಾಕಿದಳು. ಒಂದು ಮಗುವಿಗೆ ಒಬ್ಬರೇ ಅಲ್ಲವೇ ಎಂದು ಕೇಳಿದೆ. ಅಧಿಕಾರಿಗೆ ಹೇಗೆ ಬೇಕೋ ಹಾಗೆ ತಿದ್ದಬಹುದು ಎಂದು ಕೊನೆಯ ಸಾಲಿನಲ್ಲಿದೆಯಂತೆ. ನನ್ನ ಹದಿನಾಲ್ಕು ಪುಟದಲ್ಲಿ ಆ ಸಾಲು ಇರಲಿಲ್ಲ. ಹಗ್ಗ ಎತ್ತಿ ನನ್ನ ಕೈ ಹಿಡಿದುಕೊಂಡಳು. "ಕೈ ಬಿಡಬೇಡ ಪಪ್ಪಾ, ತುಂಬಾ ಜನ, ಭೀಡ್ ಇದೆ," ಎಂದಳು.

ಅಮ್ಮನ ಪಕ್ಕ ಕೂರಿಸಿದರು. ಆಡಿದ್ದು ಐದು ಕೈ, ಐದರಲ್ಲೂ ನಾನೇ ಭಾಭಿ. ದುಪಟ್ಟಾ ತ್ಯಾಗಿ ಜೀಯವರ ತಲೆಯಿಂದ ನನ್ನ ತಲೆಗೆ ಬಂತು. ಎಂಟು ವರ್ಷದಲ್ಲಿ ನಿನ್ನೆಯೊಂದು ದಿನ ಯಾರೂ ನನ್ನನ್ನು ಮದ್ರಾಸಿ ಎನ್ನಲಿಲ್ಲ, ಎಲ್ಲರೂ ಭಾಭಿ ಎಂದರು.

"ಆರು ವರ್ಷದವರು ಕಲಿಯೋ ಆಟ ಕಣೋ ಇದು!" ಎಂದು ಅಮ್ಮ ಬೈದಳು. "ಇಂಥ ದಡ್ಡನನ್ನ ಬಿಟ್ಟು ಹುಬ್ಬಳ್ಳಿಗೆ ಹೋದ್ರೆ ನನಗೆ ನಿದ್ದೆ ಬರುತ್ತಾ? ಪದ್ಮಾ, ಆ ಟಿಕೆಟ್ ಕ್ಯಾನ್ಸಲ್ ಮಾಡು. ಇವನಿಗೆ ಆಟ ಬಂದ ದಿನ ಹೊರಡ್ತೀನಿ."

ಪದ್ಮಾ ಫೋನು ತೆಗೆದು ಅಲ್ಲೇ ಕ್ಯಾನ್ಸಲ್ ಮಾಡಿದಳು. ಇಷ್ಟು ಬೇಗ ಅವಳು ನನ್ನ ಯಾವ ಕೆಲಸವನ್ನೂ ಮಾಡಿಲ್ಲ.

ನವೆಂಬರ್ 2, ಭಾನುವಾರ

ಗಾಳಿ ಕೆಟ್ಟಿದೆ, ಬಾಲ್ಕನಿಯ ಬಾಗಿಲು ಹಾಕಿದ್ದೇವೆ. ಆಟ ಊಟದ ಮೇಜಿಗೆ ಬಂದಿದೆ. ಆಫೀಸಿಲ್ಲದ ದಿನಗಳಲ್ಲಿ ಐದಕ್ಕೆ ಸರಿಯಾಗಿ ನಾನೂ ಕೂರುತ್ತೇನೆ.

ಇವತ್ತೂ ನಾನೇ ಕತ್ತೆ. ಧಾರಿಣಿಗೆ ನನ್ನ ಮೇಲೆ ಎಷ್ಟು ತಾಳ್ಮೆ! "ಪಪ್ಪಾ, ದೊಡ್ಡ ಎಲೆ ಮೊದಲೇ ಹಾಕಿದ್ರೆ ಎಲ್ಲಾ ನೀನೇ ಎತ್ಕೋಬೇಕು, ನೆನಪಿಟ್ಕೋ," ಎಂದು ನೂರನೇ ಸಲ ಕನ್ನಡದಲ್ಲಿ ಹೇಳಿಕೊಟ್ಟಳು. ತಲೆಯಾಡಿಸಿದೆ. ಪ್ರಫುಲ್ಲಾ ಫೋನು ಮಾಡಿ ಅಮ್ಮ ಯಾವಾಗ ಬರುತ್ತಾಳೆ ಎಂದು ಕೇಳಿದಳು. "ನಿಮ್ಮಣ್ಣನಿಗೆ ಇನ್ನೂ ಆಟ ಬಂದಿಲ್ಲ ಕಣೇ," ಎಂದಳು ಅಮ್ಮ.

ಇಲ್ಲಿ ಮಾತ್ರ ಬರೆದಿಡುತ್ತೇನೆ. ಆಟ ನನಗೆ ಆ ಸಂಜೆ ಕೋರ್ಟಿನಲ್ಲಿ ಮೂರನೇ ಕೈಗೇ ಬಂದಿತ್ತು. ಇವತ್ತು ನನ್ನ ಕೈಯಲ್ಲಿ ಆಟಿನ್ ಎರಡು ಇತ್ತು, ಆಟಿನ್ ಎಕ್ಕವೂ ಇತ್ತು. ಎರಡು ಹಾಕಿದ್ದರೆ ಗೆದ್ದುಬಿಡುತ್ತಿದ್ದೆ. ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಮಾಡಿ ಎಕ್ಕ ಹಾಕಿದೆ. ಎಲೆಗಳೆಲ್ಲ ನನ್ನ ಮುಂದೆ ರಾಶಿ ಬಿದ್ದವು. ಅಮ್ಮ ಹಣೆ ಚಚ್ಚಿಕೊಂಡು ಮತ್ತೆ ಎಲೆ ಕಲಸತೊಡಗಿದಳು.